ಪದೇ ಪದೇ ಆಕ್ಸಿಡೆಂಟ್ ಆಗೋ ಜಾಗನ ಸರಿ ಮಾಡ್ಸೋದು ಹೇಗೆ: ಅಳತೆ, ಅರ್ಜಿ, ಅಲೆದಾಟ

ಪ್ರತಿ ಊರಿನ ಹತ್ರಾನೂ ಅಂಥದ್ದೊಂದು ಜಾಗ ಇದ್ದೇ ಇರತ್ತೆ. ಹೆಸರು ಹೇಳಿದ್ರೆ ಸಾಕು, "ಅಯ್ಯೋ ಆ ಕ್ರಾಸಾ, ಅದು ವರ್ಷಕ್ಕೊಂದು ಬಲಿ ತಗೊಳ್ಳತ್ತೆ ಬಿಡಿ" ಅಂತಾರೆ. ನಮ್ಮೂರ ಕ್ರಾಸ್ ಬಗ್ಗೆನೂ ಹಂಗೇ ಅಂತಿದ್ರು, ಒಂದ್ಸಲ ಎಲ್ಲರೂ ದುಡ್ಡು ಹಾಕಿ ಅಲ್ಲಿ ಶಾಂತಿನೂ ಮಾಡ್ಸಿದ್ರು, ಆಮೇಲೂ ಸಾವು ನಿಲ್ಲಲಿಲ್ಲ. ಕೊನೆಗೆ ಸತ್ತಿದ್ದು ನಮ್ಮ ಬೀದಿಯ ಅಣ್ಣ ಒಬ್ರು, ಡೈರಿಗೆ ಹಾಲು ಹಾಕಿ ಎಕ್ಸ್‌ಎಲ್‌ನಲ್ಲಿ ವಾಪಸ್ ಬರ್ತಿದ್ರು, ಸಂಜೆ ಏಳು ಗಂಟೆ ಇರ್ಬೇಕು, ಹೈವೇ ದಾಟೋವಾಗ ಕಾರು ಹೊಡೀತು. ಮಾರನೇ ದಿನ ನಾನು ಅಲ್ಲಿಗೆ ಹೋದಾಗ ಹಾಲಿನ ಕ್ಯಾನಿನ ಮುಚ್ಚಳ ಇನ್ನೂ ಹುಣಸೇಮರದ ಬುಡದಲ್ಲೇ ಬಿದ್ದಿತ್ತು. ಅವತ್ತಿಂದ ಶುರು ಮಾಡಿ ಆ ಜಾಗ ಸರಿ ಆಗೋಕೆ ಒಂದೂವರೆ ವರ್ಷ ಬೇಕಾಯ್ತು. ಆ ಒಂದೂವರೆ ವರ್ಷದಲ್ಲಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ನಿಮಗೆ ಅಷ್ಟು ಟೈಮ್ ಹಿಡಿಯದೇ ಇರ್ಲಿ ಅಂತ.

ಮೊದಲು ಒಂದ್ ವಿಷ್ಯ ತಲೇಲಿ ಇಟ್ಕೊಳ್ಳಿ, ನೀವು ಯಾರ ಹತ್ರಾನೂ ಉಪಕಾರ ಕೇಳೋಕೆ ಹೋಗ್ತಿಲ್ಲ. 2023ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತೋರು 1,72,890 ಜನ, ಅಂದ್ರೆ ದಿನಕ್ಕೆ 470ಕ್ಕೂ ಹೆಚ್ಚು, ಕರ್ನಾಟಕ ಒಂದರಲ್ಲೇ 12 ಸಾವಿರ ದಾಟಿತ್ತು. ಅದರ ಹಿಂದಿನ ವರ್ಷದ ಲೆಕ್ಕದಲ್ಲಿ ನೂರು ಜನ ಸತ್ರೆ ಅದರಲ್ಲಿ 44 ಜನ ಬೈಕು ಸ್ಕೂಟರಿನೋರು, ಇನ್ನೊಂದು 19-20 ಜನ ನಡ್ಕೊಂಡು ಹೋಗ್ತಿದ್ದೋರು. ಒಟ್ಟು ರಸ್ತೆ ಉದ್ದದಲ್ಲಿ ನ್ಯಾಷನಲ್ ಹೈವೇ ಮತ್ತೆ ಸ್ಟೇಟ್ ಹೈವೇ ಸೇರಿ ನೂರಕ್ಕೆ ಐದು ಭಾಗ ಅಷ್ಟೇ, ಆದ್ರೆ ಸಾವಲ್ಲಿ ನೂರಕ್ಕೆ ಅರವತ್ತು ಅಲ್ಲೇ ಆಗೋದು. ಇದನ್ನ ಕಮ್ಮಿ ಮಾಡೋಕೆ ಅಂತ ಕೇಂದ್ರ ಸರ್ಕಾರ 2010ರಲ್ಲೇ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿ ಒಪ್ಕೊಂಡಿದೆ. ಕೊಯಮತ್ತೂರಿನ ಮೂಳೆ ಡಾಕ್ಟರ್ ಎಸ್. ರಾಜಶೇಖರನ್ ಅವರು ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಜಸ್ಟಿಸ್ ಕೆ.ಎಸ್. ರಾಧಾಕೃಷ್ಣನ್ ಅವರ ಕಮಿಟಿ ಮಾಡ್ತು, 2017ರ ನವೆಂಬರ್‌ನಲ್ಲಿ ಪ್ರತಿ ಜಿಲ್ಲೇಲೂ ರಸ್ತೆ ಸುರಕ್ಷತಾ ಸಮಿತಿ ಇರ್ಬೇಕು, ಬ್ಲಾಕ್ ಸ್ಪಾಟ್ (ಅಂದ್ರೆ ಪದೇ ಪದೇ ಆಕ್ಸಿಡೆಂಟ್ ಆಗೋ ಜಾಗ) ಗುರ್ತಿಸಿ ಸರಿ ಮಾಡ್ಬೇಕು ಅಂತ ಆದೇಶ ಮಾಡ್ತು. ಹಂಗಾಗಿ ನಿಮ್ಮ ಜಿಲ್ಲೇಲಿ ಡಿಸಿ ಅಧ್ಯಕ್ಷರಾಗಿರೋ ಒಂದು ಸಮಿತಿ ಇದೆ, ಅದರಲ್ಲಿ ಪೊಲೀಸು, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿಯೋರು ಎಲ್ಲಾ ಕೂತ್ಕೋತಾರೆ. ನಿಮ್ಮ ಕ್ರಾಸ್‌ನ ಹೆಸರು ಆ ಮೀಟಿಂಗಿನ ಅಜೆಂಡಾದಲ್ಲಿ ಬರೋ ಹಂಗೆ ಮಾಡೋದು, ಬಂದ್ಮೇಲೆ ಅಲ್ಲಿಂದ ಜಾರಿ ಹೋಗದ ಹಂಗೆ ನೋಡ್ಕೊಳೋದು, ಪೂರ್ತಿ ಕೆಲ್ಸ ಇದೇ.

ಶುರುವಲ್ಲಿ ಆ ರೋಡು ಯಾರದು ಅಂತ ತಿಳ್ಕೊಳ್ಳಿ. ಇದು ಸಣ್ಣ ವಿಷ್ಯ ಅನ್ಸತ್ತೆ, ಆದ್ರೆ ನಾನು ಇದ್ರಲ್ಲೇ ಮೂರು ತಿಂಗಳು ಕಳ್ಕೊಂಡೆ, ಪಂಚಾಯ್ತಿಗೆ ಅರ್ಜಿ ಕೊಟ್ಟೆ, ಅವ್ರು ತಾಲ್ಲೂಕಿಗೆ ಹೋಗಿ ಅಂದ್ರು, ಅಲ್ಲಿ ಹೋದ್ರೆ ಇದು ನಮ್ಮ ರೋಡೇ ಅಲ್ಲ ಅಂದ್ರು. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ತಲೆ ಬಣ್ಣ ನೋಡಿ, ಹಳದಿ ಇದ್ರೆ ನ್ಯಾಷನಲ್ ಹೈವೇ, ಹಸಿರು ಇದ್ರೆ ಸ್ಟೇಟ್ ಹೈವೇ, ಕೇಸರಿ ಇದ್ರೆ ಗ್ರಾಮ ಸಡಕ್ ರೋಡು. ಸ್ಟೇಟ್ ಹೈವೇ ಮತ್ತೆ ಜಿಲ್ಲಾ ರಸ್ತೆ ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆದು, ಅಲ್ಲಿ ನಿಮಗೆ ಬೇಕಾಗಿರೋದು ಎಇಇ (ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಇಂಜಿನಿಯರ್) ಮತ್ತೆ ಅವ್ರ ಮೇಲಿನ ಇಇ (ಎಕ್ಸಿಕ್ಯೂಟಿವ್ ಇಂಜಿನಿಯರ್). ನ್ಯಾಷನಲ್ ಹೈವೇ ಆದ್ರೆ ಟೋಲ್ ಗೇಟ್ ಹತ್ರ ದೊಡ್ಡ ಬೋರ್ಡ್ ಹಾಕಿರ್ತಾರೆ, ಅದರಲ್ಲಿ ಪ್ರಾಜೆಕ್ಟ್ ಡೈರೆಕ್ಟರ್ ಫೋನ್ ನಂಬರ್ ಇರತ್ತೆ, ಫೋಟೋ ತಕ್ಕೊಳ್ಳಿ. 1033ಗೆ ಫೋನ್ ಮಾಡಿದ್ರೂ ಹೈವೇ ದೂರು ತಗೋತಾರೆ. ಕಲ್ಲಿನ ಮೇಲಿರೋ ಕಿಲೋಮೀಟರ್ ನಂಬರನ್ನೂ ಬರ್ಕೊಳ್ಳಿ, ಇಂಜಿನಿಯರ್‌ಗಳಿಗೆ "ಹುಣಸೇಮರದ ಕ್ರಾಸ್" ಅಂದ್ರೆ ಗೊತ್ತಾಗಲ್ಲ, ಕಿಲೋಮೀಟರ್ 42.300 ಅಂದ್ರೆ ತಕ್ಷಣ ಗೊತ್ತಾಗತ್ತೆ.

ಎರಡನೇದು ಲೆಕ್ಕ. ತುಂಬಾ ಜನ ಸಾಯ್ತಿದಾರೆ ಸಾರ್ ಅಂದ್ರೆ ಯಾರೂ ಏನೂ ಮಾಡಲ್ಲ. ಸರ್ಕಾರದ ಪ್ರಕಾರ ಬ್ಲಾಕ್ ಸ್ಪಾಟ್ ಅನ್ನೋದಕ್ಕೆ ಅಳತೆ ಇದೆ, ಸುಮಾರು 500 ಮೀಟರ್ ಉದ್ದದ ರಸ್ತೇಲಿ ಹಿಂದಿನ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತ ಆಗಿರ್ಬೇಕು, ಇಲ್ಲಾ ಒಟ್ಟು 10 ಜನ ಸತ್ತಿರ್ಬೇಕು. ಇದನ್ನ ನ್ಯಾಷನಲ್ ಹೈವೇಗೆ ಅಂತ ಮಾಡಿದ್ದು, ಬೇರೆ ರೋಡಿಗೂ ಇದೇ ಲೆಕ್ಕದಲ್ಲಿ ಮಾತಾಡಿ, ಎದುರಿಗಿರೋರಿಗೆ ಅರ್ಥ ಆಗೋ ಭಾಷೆ ಇದೇ. ಹತ್ತು ಸಾವು ಆಗ್ಬೇಕಿಲ್ಲ, ಐದು ಕೇಸ್ ಸಾಕು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ.

ಕೇಸಿನ ಲೆಕ್ಕ ಸಿಗೋದು ಪೊಲೀಸ್ ಸ್ಟೇಷನ್‌ನಲ್ಲಿ. ಮಾಹಿತಿ ಹಕ್ಕಿನಲ್ಲಿ ನಮೂನೆ ಎ ತುಂಬಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕಳ್ಸಿ, 30 ದಿನದಲ್ಲಿ ಉತ್ತರ ಬರ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ ಅನ್ನೋ ನಿಯಮ ಇದೆ, ಉದ್ದುದ್ದ ಕಥೆ ಬರೆದ್ರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಕೇಳೋದು ಇಷ್ಟೇ: ಇಂಥ ಕಿಲೋಮೀಟರಿಂದ ಇಂಥ ಕಿಲೋಮೀಟರ್‌ವರೆಗೆ ಕಳೆದ ಮೂರು ವರ್ಷದಲ್ಲಿ ದಾಖಲಾದ ಅಪಘಾತ ಪ್ರಕರಣಗಳ ಕ್ರೈಮ್ ನಂಬರ್, ದಿನಾಂಕ, ಸಮಯ, ಮೃತರ ಸಂಖ್ಯೆ, ಗಾಯಾಳುಗಳ ಸಂಖ್ಯೆ. ಹೆಸರು ಕೇಳ್ಬೇಡಿ, ಬೇಕಾಗಿಲ್ಲ. ಸಾವಿನ ಕೇಸು ಹುಡುಕೋವಾಗ 2024ರ ಜುಲೈ 1ಕ್ಕೆ ಮುಂಚಿಂದು ಐಪಿಸಿ 304ಎ ಅಂತಲೂ ಆಮೇಲಿಂದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106 ಅಂತಲೂ ಇರತ್ತೆ, ಎರಡನ್ನೂ ಅರ್ಜೀಲಿ ಬರೀರಿ, ಇಲ್ಲಾಂದ್ರೆ ಅರ್ಧ ಲೆಕ್ಕ ಬಿಟ್ಟುಹೋಗತ್ತೆ. ಈಗ ಪೊಲೀಸ್ರು ಪ್ರತಿ ಅಪಘಾತನೂ ಜಾಗದ ಸಮೇತ ಇ-ಡಾರ್ ಅನ್ನೋ ಕಂಪ್ಯೂಟರ್ ದಾಖಲೆಗೆ ಹಾಕ್ತಾರೆ, ಹಾಗಾಗಿ ನಮ್ಮಲ್ಲಿ ಲೆಕ್ಕ ಇಲ್ಲ ಅಂತ ಹೇಳೋಕೆ ಬರಲ್ಲ. ನಮಗೆ ಬಂದ ಉತ್ತರದಲ್ಲಿ ಏಳು ಕೇಸ್ ಇತ್ತು, ನಾಲ್ಕು ಸಾವು. ಸಮಯದ ಕಾಲಂ ನೋಡಿದಾಗ ಮೈ ಜುಮ್ ಅಂತು, ಏಳರಲ್ಲಿ ಐದು ಸಂಜೆ ಆರೂವರೆಯಿಂದ ಎಂಟೂವರೆ ಒಳಗೆ. ಅದು ನಮ್ಮ ಡೈರಿ ಟೈಮು, ಕಡೇ ಬಸ್ಸಿನ ಟೈಮು.

ಈಗ ಮುಖ್ಯ ಕೆಲ್ಸ, ಆ ಟೈಮಿಗೇ ಹೋಗಿ ಅಲ್ಲಿ ನಿಂತ್ಕೊಂಡು ನೋಡೋದು. ಒಬ್ರೇ ಹೋಗ್ಬೇಡಿ, ಇಬ್ರು ಹೋಗಿ, ತಿಳಿ ಬಣ್ಣದ ಬಟ್ಟೆ ಹಾಕ್ಕೊಳ್ಳಿ, ಡಾಂಬರ್ ಬಿಟ್ಟು ಮಣ್ಣಿನ ಮೇಲೇ ನಿಂತ್ಕೊಳ್ಳಿ. ನಾವು ಮೂರು ಸಂಜೆ ನಿಂತ್ವಿ. ಮೊದಲು ಸ್ಪೀಡ್ ಅಳೆದ್ವಿ, ಅದಕ್ಕೆ ಪೊಲೀಸ್ರ ಸ್ಪೀಡ್ ಗನ್ ಏನೂ ಬೇಡ. ರಸ್ತೆ ಪಕ್ಕದಲ್ಲಿ ಟೇಪ್ ಹಿಡ್ದು 100 ಮೀಟರ್ ಅಳೆದು ಎರಡೂ ತುದೀಲಿ ಸುಣ್ಣದ ಗುರುತು ಹಾಕಿ, ಗಾಡಿ ಮೊದಲನೇ ಗುರುತು ದಾಟಿದಾಗ ಒಬ್ರು ಕೈ ಎತ್ತಿ, ಇನ್ನೊಬ್ರು ಎರಡನೇ ಗುರುತಲ್ಲಿ ಮೊಬೈಲ್ ಸ್ಟಾಪ್‌ವಾಚ್ ಹಿಡ್ಕೊಳ್ಳಿ. 360ನ್ನ ಬಂದ ಸೆಕೆಂಡಿಂದ ಭಾಗಿಸಿದ್ರೆ ಅದೇ ಗಂಟೆಗೆ ಕಿಲೋಮೀಟರ್. ಆರು ಸೆಕೆಂಡ್ ಬಂದ್ರೆ 60, ನಾಲ್ಕು ಸೆಕೆಂಡ್ ಬಂದ್ರೆ 90. ಕೈಯಲ್ಲಿ ಹಿಡಿಯೋ ಲೆಕ್ಕ ಆದ್ರಿಂದ ಸ್ವಲ್ಪ ಹೆಚ್ಚುಕಮ್ಮಿ ಆಗತ್ತೆ, ಅದಕ್ಕೇ ಐವತ್ತು ಗಾಡಿನಾದ್ರೂ ಅಳೀರಿ. ನಮ್ಮಲ್ಲಿ ಕಾರುಗಳು ನಾಲ್ಕು ನಾಲ್ಕೂಕಾಲು ಸೆಕೆಂಡಿಗೆ ದಾಟ್ತಿದ್ವು.

ಆಮೇಲೆ ಕಾಣೋ ದೂರ. ಊರ ಕಡೆಯಿಂದ ಬರೋ ರೋಡಲ್ಲಿ ಸ್ಕೂಟರ್ ಮೇಲೆ ಕೂತಷ್ಟೇ ಎತ್ತರಕ್ಕೆ ಕಣ್ಣಿಟ್ಟು ಬಲಕ್ಕೆ ನೋಡಿ. ಗಾಡಿ ಕಾಣ್ಸಿದ ಕ್ಷಣದಿಂದ ಅದು ನಿಮ್ಮ ಮುಂದೆ ಬರೋವರೆಗೆ ಎಷ್ಟು ಸೆಕೆಂಡು ಅಂತ ಎಣಿಸಿ. ನಮಗೆ ಬಂದಿದ್ದು ಮೂರೂವರೆ. ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಆ ರೋಡು ಪೂರ್ತಿ ದಾಟೋಕೆ ನಾವೇ ಎಣಿಸಿದ ಹಾಗೆ ಎಂಟು ಸೆಕೆಂಡು ತಗೋತಿತ್ತು. ದಾಟೋನು ಎಷ್ಟೇ ಹುಷಾರಾಗಿರ್ಲಿ, ಅವನು ರಸ್ತೆಗೆ ಇಳಿದಾಗ ಖಾಲಿ ಕಾಣ್ತಿದ್ದ ರಸ್ತೇಲಿ ಅವನು ಮಧ್ಯಕ್ಕೆ ಬರೋ ಹೊತ್ತಿಗೆ ಕಾರು ಬಂದಿರತ್ತೆ. ಅಷ್ಟು ದಿನ ಎಲ್ಲರೂ "ನೋಡ್ಕೊಂಡು ದಾಟ್ಬೇಕಪ್ಪ" ಅಂತಾನೇ ಅಂತಿದ್ವಿ, ನಾನೂ ಅಂದಿದ್ದೆ, ಸತ್ತೋರ ಮನೆಯೋರ ಎದುರಲ್ಲೇ ಅಂದಿದ್ದೆ. ಅದು ಈಗಲೂ ನನ್ನನ್ನ ಚುಚ್ಚತ್ತೆ.

ಯಾಕೆ ಕಾಣಲ್ಲ ಅಂತ ನೋಡಿದ್ರೆ ಮೂರು ಕಾರಣ. ಒಂದು, ತಿರುವಿನ ಒಳಗಡೆ ಬೆಳೆದಿದ್ದ ಜಾಲಿ ಪೊದೆ. ಎರಡು, ಹುಟ್ಟುಹಬ್ಬದ ಫ್ಲೆಕ್ಸು, ಸರಿಯಾಗಿ ಕಣ್ಣಿನ ಎತ್ತರಕ್ಕೇ ಕಟ್ಟಿದ್ರು. ಮೂರನೇದು ನಮಗೆ ಹೊಳೆದಿದ್ದು ಮೂರನೇ ಸಂಜೆ, ಕಡೇ ಬಸ್ಸು ಬಂದು ಕ್ರಾಸ್‌ನ ಬಾಯಲ್ಲೇ ನಿಲ್ತು, ಇಳಿದೋರು ಬಸ್ಸಿನ ಮುಂದಿಂದ ದಾಟಿದ್ರು, ಬಸ್ಸನ್ನ ಓವರ್‌ಟೇಕ್ ಮಾಡೋನಿಗೆ ಅವ್ರು ಕಾಣಲ್ಲ, ಅವ್ರಿಗೆ ಅವನು ಕಾಣಲ್ಲ. ಇದರ ಜೊತೆ ಲೈಟ್ ಇಲ್ಲ, ಕ್ರಾಸ್ ಇದೆ ಅನ್ನೋ ಬೋರ್ಡ್ ಇಲ್ಲ. ಎಲ್ಲದರ ಫೋಟೋ ತೆಗೀರಿ, ಹಗಲಲ್ಲೂ ರಾತ್ರೀಲೂ, ಒಂದು ಬಿಳಿ ಹಾಳೇಲಿ ಕೈಯಲ್ಲೇ ಜಾಗದ ನಕ್ಷೆ ಬರೀರಿ, ಎಲ್ಲಿ ಯಾವ ದಿನ ಕೇಸ್ ಆಗಿದೆ ಅಂತ ಚುಕ್ಕೆ ಹಾಕಿ. ಈ ಒಂದು ಹಾಳೆ ನಮ್ಮ ಹತ್ತು ಅರ್ಜಿಗಿಂತ ಹೆಚ್ಚು ಕೆಲ್ಸ ಮಾಡ್ತು.

ಏನು ಕೇಳ್ಬೇಕು ಅನ್ನೋದನ್ನೂ ಯೋಚನೆ ಮಾಡಿ ಕೇಳಿ. ಊರಲ್ಲಿ ಎಲ್ಲರ ಬಾಯಲ್ಲೂ ಬರೋದು "ಹಂಪ್ಸ್ ಹಾಕ್ಸಿ". ದಯವಿಟ್ಟು ನೀವೇ ಮಣ್ಣು ಕಲ್ಲು ಜಲ್ಲಿ ತಂದು ರಾತ್ರೋರಾತ್ರಿ ಹಂಪ್ ಮಾಡ್ಬೇಡಿ, ಬಣ್ಣ ಇಲ್ಲದ ಹಂಪಿನ ಮೇಲೆ ಹಿಂದೆ ಕೂತ ಹೆಂಗಸರು ಎಗರಿ ಬಿದ್ದು ತಲೆ ಒಡ್ಕೊಂಡಿರೋದು ಎಲ್ಲಾ ತಾಲ್ಲೂಕಲ್ಲೂ ಇದೆ. ರಸ್ತೆಗಳಿಗೆ ಮಾನದಂಡ ಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪ್ ಸುಮಾರು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯೋ ಹಂಗಿರತ್ತೆ, ಮುಂಚೆನೇ ಬೋರ್ಡ್ ಇರ್ಬೇಕು, ಮೇಲೆ ಬಣ್ಣ ಇರ್ಬೇಕು. ಅದು ಸೇರೋದು ಊರಿನ ಕಡೆಯ ಸಣ್ಣ ರೋಡಲ್ಲಿ, ಹೈವೇಗೆ ಹತ್ತೋ ಮುಂಚೆ. ಹೈವೇ ಮೇಲೆ ಕೇಳಬೇಕಾದ್ದು ರಂಬಲ್ ಸ್ಟ್ರಿಪ್ (ಗಾಡಿ ಗಡಗಡ ಅನ್ನೋ ಸಣ್ಣ ಉಬ್ಬು ಪಟ್ಟಿಗಳು), ಸೋಲಾರ್ ಬ್ಲಿಂಕರ್ (ಬಿಟ್ಟು ಬಿಟ್ಟು ಮಿನುಗೋ ದೀಪ), ಕ್ಯಾಟ್ ಐ (ರಸ್ತೆ ಮೇಲೆ ಕೂರಿಸೋ ಹೊಳೆಯೋ ಗುಂಡಿ), ಕ್ರಾಸ್ ಬೋರ್ಡ್, ಲೈಟು. ನಾಲ್ಕು ಲೇನ್ ರೋಡಾದ್ರೆ ಡಿವೈಡರ್ ಒಡೆದು ಮಾಡ್ಕೊಂಡಿರೋ ಕಳ್ಳ ದಾರಿ ಮುಚ್ಚೋದು, ಅದಕ್ಕೆ ಬದಲು ಸರ್ವಿಸ್ ರೋಡು ಮತ್ತೆ ಅಂಡರ್‌ಪಾಸ್. ಅಂಡರ್‌ಪಾಸ್‌ಗೆ ವರ್ಷಗಟ್ಟಲೆ ಆಗತ್ತೆ, ಅದನ್ನೂ ಕೇಳಿ, ಆದ್ರೆ ಒಂದೇ ತಿಂಗಳಲ್ಲಿ ಆಗೋ ಕೆಲ್ಸನ ಬೇರೆ ಪಟ್ಟಿ ಮಾಡಿ ಕೇಳಿ, ಇಲ್ಲಾಂದ್ರೆ ದೊಡ್ಡ ಎಸ್ಟಿಮೇಟ್ ಮಂಜೂರಾಗ್ಲಿ ಅಂತ ಪೊದೆ ಕಡಿಯೋದೂ ನಿಂತುಹೋಗತ್ತೆ.

ಸ್ಪೀಡ್ ವಿಷಯದಲ್ಲಿ ಮಾತ್ರ ಬಿಟ್ಟುಕೊಡ್ಬೇಡಿ. ರಸ್ತೇಲಿ ಸರಾಸರಿ ವೇಗ ನೂರಕ್ಕೆ ಒಂದು ಪಾಲು ಜಾಸ್ತಿ ಆದ್ರೆ ಸಾವಿನ ಅಪಘಾತದ ಅಪಾಯ ನೂರಕ್ಕೆ ನಾಲ್ಕು ಪಾಲು ಜಾಸ್ತಿ ಆಗತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿನೇ ನೋಡಿ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು, ಮೇ ಜೂನ್‌ನಲ್ಲಿ ತಿಂಗಳಿಗೆ ಮೂವತ್ತರ ಹತ್ರ ಜನ ಸತ್ರು. ಆಮೇಲೆ ಪೊಲೀಸ್ರು ಸ್ಪೀಡ್ ಹಿಡಿಯೋಕೆ ನಿಂತ್ರು, ಆಗಸ್ಟ್ 1ರಿಂದ ಬೈಕು ಆಟೋ ಟ್ರ್ಯಾಕ್ಟರ್‌ನ ಮುಖ್ಯ ರಸ್ತೆಯಿಂದ ಸರ್ವಿಸ್ ರೋಡಿಗೆ ಕಳಿಸಿದ್ರು, ಆಗಸ್ಟ್ ಹೊತ್ತಿಗೆ ಸಾವಿನ ಸಂಖ್ಯೆ ಒಂದಂಕಿಗೆ ಇಳಿದಿತ್ತು. ಅದೇ ರೋಡು, ಅದೇ ಡ್ರೈವರ್‌ಗಳು. ಏನೂ ಮಾಡಕ್ಕಾಗಲ್ಲ ಅನ್ನೋರಿಗೆ ನಾನು ಇದನ್ನೇ ಹೇಳೋದು. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇನಲ್ಲೂ 2016ರಿಂದ ಹಿಡಿದು ಒಂದೊಂದು ಜಾಗನ ಹೀಗೆ ನೋಡಿ ನೋಡಿ ಸರಿ ಮಾಡಿ ಸಾವನ್ನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರು.

ಅರ್ಜಿ ಒಂದೇ ಪುಟ ಇರ್ಲಿ. ನಾವು ಬರೆದಿದ್ದು ಹೆಚ್ಚುಕಮ್ಮಿ ಹೀಗಿತ್ತು:

"ಗೆ, ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ವಿಷಯ: ರಾಜ್ಯ ಹೆದ್ದಾರಿ ಕಿ.ಮೀ. 42.100ರಿಂದ 42.600ರವರೆಗಿನ ಸ್ಥಳವನ್ನು ಬ್ಲಾಕ್ ಸ್ಪಾಟ್ ಎಂದು ಪರಿಗಣಿಸಿ ಸರಿಪಡಿಸುವ ಬಗ್ಗೆ. ಸದರಿ ಸ್ಥಳದಲ್ಲಿ ಕಳೆದ ಮೂರು ವರ್ಷಗಳಲ್ಲಿ 7 ಪ್ರಕರಣಗಳು ದಾಖಲಾಗಿದ್ದು 4 ಜನ ಮೃತಪಟ್ಟಿರುತ್ತಾರೆ (ಪೊಲೀಸ್ ಠಾಣೆಯ ಮಾಹಿತಿ ಲಗತ್ತಿಸಿದೆ). ಜಂಟಿ ಸ್ಥಳ ಪರಿಶೀಲನೆ ನಡೆಸಿ, ಮುಂದಿನ ಸಭೆಯಲ್ಲಿ ವಿಷಯ ಮಂಡಿಸಿ, ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕಾಗಿ ಕೋರುತ್ತೇವೆ."

ಕೆಳಗೆ ಬೇಕಾಗಿರೋ ಕೆಲ್ಸಗಳು, ಆಮೇಲೆ ಸಹಿಗಳು. ಡೈರಿ ಸಂಘದ ಕಾರ್ಯದರ್ಶಿ, ಸ್ಕೂಲ್ ಹೆಡ್‌ಮಾಸ್ಟ್ರು, ಗ್ರಾಮ ಪಂಚಾಯ್ತಿ ಅಧ್ಯಕ್ಷರು, ಆಟೋ ಸ್ಟ್ಯಾಂಡಿನೋರು, ಯಾವ ಪಾರ್ಟಿ ಅಂತ ನೋಡ್ಬೇಡಿ. ಗ್ರಾಮಸಭೇಲಿ ಠರಾವು ಮಾಡ್ಸಿ ಅದರ ನಕಲು ಹಚ್ಚಿದ್ರೆ ಇನ್ನೂ ತೂಕ. ಪ್ರತಿಗಳನ್ನ ಎಸ್ಪಿ, ಇಇ, ಆರ್‌ಟಿಒಗೆ ಕಳ್ಸಿ, ಬಸ್ ಸ್ಟಾಪ್ ವಿಷಯ ಇದ್ರೆ ಡಿಪೋ ಮ್ಯಾನೇಜರ್‌ಗೂ. ಟಪಾಲು ಸೆಕ್ಷನ್‌ನಲ್ಲಿ ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ದೆ ಹೊರಗೆ ಬರ್ಬೇಡಿ. ನಮ್ಮ ಮೊದಲನೇ ಅರ್ಜಿ ಒಂದು ಕಚೇರೀಲಿ ಬಂದೇ ಇಲ್ಲ ಅಂದ್ಬಿಟ್ರು, ಸೀಲ್ ಇರ್ಲಿಲ್ಲ ನಮ್ಮ ಹತ್ರ, ಮತ್ತೆ ಮೊದಲಿಂದ. ರಾಜ್ಯ ಸರ್ಕಾರದ ಸಹಾಯವಾಣಿ 1902ಗೆ ಫೋನ್ ಮಾಡಿ ದೂರು ದಾಖಲಿಸಿದ್ರೆ ಇನ್ನೊಂದು ನಂಬರ್ ಸಿಗತ್ತೆ, ನ್ಯಾಷನಲ್ ಹೈವೇ ಆದ್ರೆ ಕೇಂದ್ರದ ದೂರಿನ ವೆಬ್‌ಸೈಟ್ ಸಿಪಿಗ್ರಾಮ್ಸ್‌ನಲ್ಲೂ ಹಾಕಿ.

ಎರಡು ತಿಂಗಳಾದ್ರೂ ಅಲ್ಲಾಡದಿದ್ರೆ ಮತ್ತೆ ಮಾಹಿತಿ ಹಕ್ಕು. ಈ ಸಲ ಕೇಳೋದು ಸಮಿತಿಯ ಹಿಂದಿನ ಎರಡು ಸಭೆಗಳ ನಡವಳಿ ಮತ್ತೆ ಕ್ರಮ ಕೈಗೊಂಡ ವರದಿ. ನಡವಳೀಲಿ ನಿಮ್ಮ ಜಾಗದ ಹೆಸರಿಲ್ಲ ಅಂದ್ರೆ ಅದನ್ನೇ ಹಿಡ್ಕೊಂಡು ಡಿಸಿ ಅವರ ಜನಸಂಪರ್ಕ ದಿನ ಹೋಗಿ. ಹೆಸರಿದ್ದು "ಎಸ್ಟಿಮೇಟ್ ತಯಾರಿಸಲು ಸೂಚಿಸಲಾಯಿತು" ಅಂತ ಇದ್ರೆ ನೇರ ಎಇಇ ಹತ್ರ ಹೋಗಿ ಎಸ್ಟಿಮೇಟ್ ಎಲ್ಲಿದೆ ಅಂತ ಕೇಳಿ. 2019ರಲ್ಲಿ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೇಲಿ 198ಎ ಅನ್ನೋ ಸೆಕ್ಷನ್ ಇದೆ, ರಸ್ತೆಯ ಡಿಸೈನು, ಕಟ್ಟೋದು, ನಿರ್ವಹಣೆ ನಿಗದಿಯಾದ ಮಾನದಂಡದ ಪ್ರಕಾರ ಇಲ್ದೆ ಅದ್ರಿಂದ ಸಾವು ಅಥವಾ ಅಂಗವೈಕಲ್ಯ ಆದ್ರೆ ಜವಾಬ್ದಾರಿ ಇದ್ದ ಪ್ರಾಧಿಕಾರ, ಗುತ್ತಿಗೆದಾರ, ಕನ್ಸಲ್ಟೆಂಟ್ ಇವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ದಂಡದ ಮೊತ್ತ ಸಣ್ಣದು, ಒಂದು ಜೀವಕ್ಕೆ ಒಂದು ಲಕ್ಷ ಏನೂ ಅಲ್ಲ ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಎರಡನೇ ಅರ್ಜೀಲಿ ಆ ಸೆಕ್ಷನ್ ಬರೆದ್ಮೇಲೆ ನಮಗೆ ಕೂರೋಕೆ ಕುರ್ಚಿ ಕೊಟ್ರು. ಜಂಟಿ ಪರಿಶೀಲನೆಗೆ ಅಧಿಕಾರಿಗಳು ಬಂದಾಗ ಅವರನ್ನ ಸಂಜೆ ಏಳಕ್ಕೇ ಬನ್ನಿ ಸಾರ್ ಅಂತ ಕರೀರಿ. ಬಂದ ಇಂಜಿನಿಯರ್‌ಗೆ ನಾವು ಸ್ಕೂಟರ್ ಕೊಟ್ಟು ಊರ ಕಡೆಯಿಂದ ಒಂದ್ಸಲ ದಾಟಿ ನೋಡಿ ಅಂದ್ವಿ, ಅವ್ರು ಕ್ರಾಸ್‌ನ ಬಾಯಿ ಹತ್ರ ಬಂದು ನಿಂತ್ರು, ಬಲಕ್ಕೆ ನೋಡಿದ್ರು, ಸ್ವಲ್ಪ ಹೊತ್ತು ಸುಮ್ನೆ ನಿಂತ್ರು, ಆಮೇಲೆ ಸ್ಕೂಟರ್ ಹಿಂದಕ್ಕೆ ತಳ್ಕೊಂಡು ಬಂದು "ಬಸ್ ಸ್ಟಾಪ್ ಮೊದ್ಲು ಎತ್ತಿಸ್ಬೇಕು ರೀ" ಅಂದ್ರು.

ಈ ಅಲೆದಾಟದ ಮಧ್ಯೆನೇ ಅಲ್ಲಿ ಮತ್ತೆ ಆಕ್ಸಿಡೆಂಟ್ ಆಗ್ಬೋದು, ಅದಕ್ಕೂ ಊರು ತಯಾರಿರ್ಬೇಕು. ಕ್ರಾಸ್‌ನ ಟೀ ಅಂಗಡಿಯೋರು, ಆಟೋದೋರಿಗೆ ಇದನ್ನ ಹೇಳಿಡಿ: ಮೊದಲು 112 ಅಥವಾ 108ಕ್ಕೆ ಫೋನು. ಗಾಯಾಳುನ ಆಸ್ಪತ್ರೆಗೆ ಸೇರ್ಸಿದೋರು ಹೆಸರು ಹೇಳ್ಲೇಬೇಕು ಅಂತಿಲ್ಲ, ಅವರನ್ನ ಅಲ್ಲೇ ಕೂರಿಸ್ಕೊಳ್ಳೋ ಹಾಗಿಲ್ಲ, ದುಡ್ಡು ಕಟ್ಟಿ ಅನ್ನೋ ಹಾಗಿಲ್ಲ, ಸಾಕ್ಷಿ ಆಗಿ ಅಂತ ಬಲವಂತ ಮಾಡೋ ಹಾಗಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಮೋಟಾರು ವಾಹನ ಕಾಯ್ದೇಲಿ 134ಎ ಸೆಕ್ಷನ್ ಇದೆ, ಇದಕ್ಕೆ ಅಂತ ತನ್ನದೇ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಮೊದಲ ಒಂದು ಗಂಟೆ ಒಳಗೆ ಸೇರ್ಸಿ ಜೀವ ಉಳಿಸಿದೋರಿಗೆ ರಾಹ್‌ವೀರ್ ಯೋಜನೇಲಿ 25,000 ರೂಪಾಯಿ ಇದೆ. 2025ರ ಮೇ ತಿಂಗಳಿಂದ ಯಾವ ರಸ್ತೇಲಿ ಗಾಡಿ ಅಪಘಾತ ಆದ್ರೂ ಗಾಯಾಳುಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ, ನಿಮ್ಮ ಹತ್ರದ ಗೊತ್ತುಪಡಿಸಿದ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ ಟೀ ಅಂಗಡಿ ಗೋಡೆ ಮೇಲೆ ಬರೆಸಿಡಿ. ಹೊಡೆದ ಗಾಡಿ ನಿಲ್ಲಿಸದೆ ಹೋದ್ರೆ, ಗಾಡಿ ಸಿಗದೇ ಇದ್ರೂ ಸತ್ತೋರ ಮನೆಯೋರಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಪರಿಹಾರ ಇದೆ, ಅರ್ಜಿ ಬಗ್ಗೆ ತಹಶೀಲ್ದಾರ್ ಇಲ್ಲಾ ಎಸಿ (ಉಪವಿಭಾಗಾಧಿಕಾರಿ) ಕಚೇರೀಲಿ ವಿಚಾರಿಸಿ. ಇದು ಗೊತ್ತಿಲ್ದೆ ಎಷ್ಟು ಬಡವ್ರು ಸುಮ್ನಾಗ್ಬಿಡ್ತಾರೆ ಅಂತ ನೆನೆಸ್ಕೊಂಡ್ರೆ ಸಂಕಟ ಆಗತ್ತೆ.

ಹೆಲ್ಮೆಟ್ ಬಗ್ಗೆ ಒಂದೇ ಮಾತು, 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕ್ದೆ ಸತ್ತೋರು 50 ಸಾವಿರ. ಐಎಸ್‌ಐ ಗುರುತು ಇರೋದು ತಗೊಳ್ಳಿ, ಪಟ್ಟಿ ಲಾಕ್ ಮಾಡಿ, ಡೈರಿಗೆ ಹೋಗೋಕೂ ಹಾಕ್ಕೊಳ್ಳಿ, ಹಿಂದೆ ಕೂರೋರಿಗೂ ಹಾಕ್ಸಿ.

ಕೆಲ್ಸ ಆದ್ಮೇಲೂ ಬಿಡೋ ಹಾಗಿಲ್ಲ. ನಮ್ಮಲ್ಲಿ ಜಾಲಿ ಕಡಿದ್ರು, ಬಸ್ ಸ್ಟಾಪನ್ನ ಕ್ರಾಸ್ ದಾಟಿ ಅರವತ್ತು ಮೀಟರ್ ಮುಂದಕ್ಕೆ ಹಾಕಿದ್ರು, ಎರಡೂ ಕಡೆ ರಂಬಲ್ ಸ್ಟ್ರಿಪ್, ಬ್ಲಿಂಕರ್, ಎರಡು ಕಂಬಕ್ಕೆ ಲೈಟ್ ಬಂತು, ಊರ ರೋಡಿಗೆ ಸರಿಯಾದ ಹಂಪ್ ಬಂತು. ಆರು ತಿಂಗಳು ಬಿಟ್ಟು ಅದೇ ಸುಣ್ಣದ ಗುರುತಲ್ಲಿ ಮತ್ತೆ ಸ್ಪೀಡ್ ಅಳೆದ್ವಿ, ನಾಲ್ಕು ಸೆಕೆಂಡಿಗೆ ದಾಟ್ತಿದ್ದ ಕಾರು ಆರೂವರೆ ಸೆಕೆಂಡಿಗೆ ಬಂದಿತ್ತು. ಎರಡು ವರ್ಷದಿಂದ ಅಲ್ಲಿ ಯಾರೂ ಸತ್ತಿಲ್ಲ. ಆದ್ರೆ ಹೋದ ತಿಂಗಳು ರೋಡಿಗೆ ಹೊಸ ಡಾಂಬರ್ ಹಾಕಿದಾಗ ರಂಬಲ್ ಸ್ಟ್ರಿಪ್ ಪೂರ್ತಿ ಮುಚ್ಚೋಯ್ತು, ಜಾಲಿನೂ ಮತ್ತೆ ಮೊಣಕಾಲೆತ್ತರ ಬಂದಿದೆ. ಜಾಲಿ ಈ ಭಾನುವಾರ ಹುಡುಗರೇ ಕಡೀತಾರೆ, ಸ್ಟ್ರಿಪ್‌ಗೆ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬಂದಿದೀನಿ, ಮುಂದಿನ ಮೀಟಿಂಗ್ ತಾರೀಕು ಕೇಳೋಕೆ ಸೋಮವಾರ ಹೋಗ್ಬೇಕು.